ಮಂತ್ರಿಗಳ ಗಿಡ, ಅಕ್ಕನ ಕಾನು

ಶಿಕಾರಿಪುರದಿಂದ ಬೆಳಗಿನ ಬಸ್ಸು ಹೊರಟಾಗ ಜಿಟಿಜಿಟಿ ಮಳೆ. ಟಿಕೆಟ್ಟಿಗೆ ಹಳೆಯ ಆಣೆ ಕೊಡಬೇಕೋ ಹೊಸ ಪೈಸೆಯೋ ಎಂಬ ಜಗಳ ಶಿರಾಳಕೊಪ್ಪದವರೆಗೂ ನಡೆಯಿತು. "ಸರಕಾರನೇ ಬದಲಾತ್ರೀ, ಪೈಸೆ ಬದಲಾಗಬಾರ್ದೇನ್ರಿ? ಕುಂದ್ರಿ ಸುಮ್ನೆ" ಎಂದು ಕಂಡಕ್ಟರು ಎಲ್ಲರ ಬಾಯಿ ಮುಚ್ಚಿಸಿದ. ಅಲ್ಲಿ ಬಸ್ಸು ಬದಲಿಸಿ ಸೊರಬ ಮುಟ್ಟಿ, ಮೂರು ಮೈಲಿ ನಡೆದು ಅಕ್ಕನ ಊರು ಸೇರಿದೆ.

ಅಕ್ಕ ಬಿಸಿ ಕಡುಬು ಬಡಿಸಿದಳು, ಆದರೆ ಮುಖದಲ್ಲಿ ಗೆಲುವಿರಲಿಲ್ಲ. ಊರ ಹಿಂದಿನ ಕಾನನ್ನು ಕಡಿಯಲು ಗುತ್ತಿಗೆ ಕೊಟ್ಟಾಗಿತ್ತು. ಗುತ್ತಿಗೆದಾರ ಚುನಾವಣೆಯಲ್ಲಿ ಮಂತ್ರಿಗಳ ಪರವಾಗಿ ಲಾರಿ ಓಡಿಸಿದವನು. ಆ ಋಣ ಈಗ ಕಾನಿನ ಮರಗಳಿಂದ ತೀರಬೇಕಿತ್ತು. ಆ ದಟ್ಟ ಕಾಡಿನ ಒರತೆಯಿಂದಲೇ ಊರಿನ ಗದ್ದೆಗಳಿಗೆಲ್ಲ ನೀರು.

"ಅರ್ಜಿ ಕೊಟ್ಟು ಕೊಟ್ಟು ಸಾಕಾತು ತಮ್ಮಾ. ಕಾನು ಹೋದ್ರೆ ಗದ್ದೆನೂ ಹೋದಂಗೇ" ಎಂದಳು. "ನಾಳೆ ಅದೇ ಮಂತ್ರಿಗಳು ವನಮಹೋತ್ಸವಕ್ಕೆ ಬರ್ತಾರೆ. ಗುಂಡಿ ತೋಡೋ ಕೆಲ್ಸ ನಮ್ಮ ಹೆಂಗಸ್ರಿಗೇ ಬಿಟ್ಟಾರೆ."

ಹಾಗೆಂದು ನಕ್ಕಳು. ನಗುವಂಥದ್ದು ಏನೆಂದು ನನಗೆ ತಿಳಿಯಲಿಲ್ಲ.

ಮರುದಿನ ತಿಳಿಯಿತು. ಕಾನಿಗೆ ಲಾರಿ ಹೋಗಲು ಇದ್ದದ್ದು ಒಂದೇ ದಾರಿ, ಕೆರೆಗೂ ಬಂಡೆಗೂ ನಡುವಿನ ಇಕ್ಕಟ್ಟು. ಸರಿಯಾಗಿ ಅದರ ನಡುವೆಯೇ ಗುಂಡಿ, ಸುತ್ತ ರಂಗೋಲಿ, ಮೇಲೆ ಮಾವಿನ ತೋರಣ. ಮಂತ್ರಿಗಳು ಹಲಸಿನ ಸಸಿ ನೆಟ್ಟು, ಹಾರ ಹಾಕಿಸಿಕೊಂಡು ಹಿಗ್ಗಿದರು. ಪತ್ರಿಕೆಯವನೊಬ್ಬ ಚಿತ್ರ ತೆಗೆದುಕೊಂಡ. ಆಗ ಅಕ್ಕ ಕೈಮುಗಿದು ಮುಂದೆ ಬಂದಳು.

"ನಿಮ್ಮ ಕೈಯಾರೆ ನೆಟ್ಟ ಗಿಡ. ಯಾರೂ ಕೀಳದಂಗೆ ಒಂದ್ ಮಾತು ಹೇಳಿ ಹೋಗ್ರೀ."

"ಈ ಗಿಡ ಮುಟ್ಟಿದವರು ನನ್ನನ್ನೇ ಮುಟ್ಟಿದ ಹಾಗೆ" ಎಂದು ಅವರು ಎಲ್ಲರಿಗೂ ಕೇಳುವಂತೆ ಸಾರಿದರು. ಜೊತೆಗೆ ಬಂದಿದ್ದ ತಾಲೂಕಿನ ಅಮಲ್ದಾರರು ನಿಂತ ಕಾಲಲ್ಲೇ ಸುತ್ತ ಮುಳ್ಳುಬೇಲಿ ಹಾಕಿಸಿದರು. ಮರ ಕಡಿಸುವ ರಾಜಕೀಯ ಮರ ಉಳಿಸಲೂ ಬರುತ್ತದೆ, ಅದರ ಹಗ್ಗ ಹಿಡಿಯುವವರು ಜಾಣರಾಗಿರಬೇಕು ಅಷ್ಟೆ.

ಮೂರನೆಯ ದಿನ ಲಾರಿ ಬಂತು. ಬೇಲಿ ಕಂಡು ಗುತ್ತಿಗೆದಾರ ಊರ ಪಟೇಲರ ಮೇಲೆ ಹರಿಹಾಯ್ದ.

"ಮಂತ್ರಿಗಳ ಗಿಡ ಸ್ವಾಮಿ" ಎಂದರು ಪಟೇಲರು ಎಲೆಯಡಿಕೆ ಮೆಲ್ಲುತ್ತ. "ಕೀಳೋದಾದ್ರೆ ನೀವೇ ಕೀಳ್ರಿ. ನಾವು ನೋಡಿದ್ದು ನೋಡಿದಂಗೆ ಹೇಳ್ತೀವಿ."

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ ಗುತ್ತಿಗೆದಾರ ಬೇಲಿಯವರೆಗೆ ಹೋಗಿ ಹಿಂದಿರುಗಿದ. ಆಮೇಲೆ ಲಾರಿ ತಿರುಗಿಸಲು ಹೇಳಿದ. ತಿರುಗಿಸುವಾಗ ಗಾಲಿ ಕೆಸರಲ್ಲಿ ಹೂತಿತು. ತಳ್ಳಲು ಊರಿಗೆ ಊರೇ ಓಡಿ ಬಂತು. ಅಂಥ ಹುರುಪಿನ ಸಹಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಖಾಲಿ ಲಾರಿಯ ಹಿಂಭಾಗದಲ್ಲಿ ನಿಂತು ನಾನು ಪುಕ್ಕಟೆಯಾಗಿ ಸೊರಬಕ್ಕೆ ಹೊರಟೆ. ಗೆದ್ದವನು ನಾನೇ ಎಂಬಂತೆ ಎದೆ ಉಬ್ಬಿತ್ತು. ತಿರುಗಿ ನೋಡಿದರೆ, ಕೈಬೀಸಲು ಅಕ್ಕ ದಾರಿಯಲ್ಲಿರಲಿಲ್ಲ. ಕಾನಿನ ನೀರು ನಿಂತ ಗದ್ದೆಗೆ ಆಗಲೇ ಇಳಿದು ನಾಟಿಗೆ ಬಗ್ಗಿದ್ದಳು.