ಗಡ್ಡ ಬರುವ ಮುಂಚೆ

ಶಿವಾಜಿನಗರದಲ್ಲಿ ಮಜೀದಾ ನಡೆಸುತ್ತಿದ್ದ ಲೇಡೀಸ್ ಟೈಲರಿಂಗ್ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸ ಹಂಸನದು. ಪರದೆಯ ಹಿಂದೆ ಹೆಂಗಸರು ಸಂಕೋಚವಿಲ್ಲದೆ ಕೈ ಎತ್ತಿ ನಿಲ್ಲುತ್ತಿದ್ದರು. ಕೆ.ಆರ್. ಪುರದ ಹಳೇ ಊರಿನ ಮನೆಯಲ್ಲಿ ಹೆಣ್ಣುಮಗುವಾಗಿ ಹುಟ್ಟಿ, ಈಗ ಪ್ಯಾಂಟು ಶರ್ಟು ತೊಟ್ಟೇ ಕೆಲಸಕ್ಕೆ ಬರುತ್ತಿದ್ದ ಹಂಸ ಗಿರಾಕಿಗಳಿಗೆಲ್ಲ ‘ಅವಳು’. ತನ್ನ ಮಟ್ಟಿಗೆ ಮಾತ್ರ ಬುದ್ಧಿ ಬಂದಾಗಿನಿಂದ ‘ಅವನು’. ಅದರಲ್ಲಿ ಅವನಿಗೆ ಗೊಂದಲವಿರಲಿಲ್ಲ. 2006ರಲ್ಲಿ, ಇಪ್ಪತ್ನಾಲ್ಕು ತುಂಬಿದಾಗ, ಅವನು ಯೋಚಿಸುತ್ತಿದ್ದದ್ದು ಮೈ ಎಷ್ಟು ಬದಲಾಗಬೇಕು, ಯಾವಾಗ ಬದಲಾಗಬೇಕು ಎಂದು.

ಬೆನ್ಸನ್ ಟೌನಿನ ಒಂದು ಮನೆಯ ಮಹಡಿಯಲ್ಲಿ ಅವನಂಥವರು ಭಾನುವಾರ ಸೇರುತ್ತಿದ್ದರು. ಅಲ್ಲಿ ಭೀಮಾಶಂಕರ ಸಿಕ್ಕಿದ. ಗುಲ್ಬರ್ಗಾ ಕಡೆಯವನು, ಮಾರತ್ತಹಳ್ಳಿಯಲ್ಲಿ ಸೆಕ್ಯೂರಿಟಿ ಕೆಲಸ. ಅವನೂ ಹೆಣ್ಣಾಗಿ ಹುಟ್ಟಿದವನೇ. ಈಗ ದಪ್ಪ ಮೀಸೆ. ಹಂಸ ಆ ಮೀಸೆಯನ್ನೇ ನೋಡುತ್ತಾ ಕೂತ.

“ಇಂಜೆಕ್ಷನ್ ತಗೊಂಡು ಬಂದದ್ದು,” ಅಂದ ಭೀಮಾಶಂಕರ. “ಖರೇ ಹೇಳ್ತೀನಿ, ನನ್ನಂಗ ಮಾಡಬ್ಯಾಡ. ಜಲ್ದಿ ಆಗ್ಲಿ ಅಂತ ಕಾಂಪೌಂಡರ್ ಒಬ್ಬನ ಕಡಿಂದ ಡಬಲ್ ಡೋಸ್ ಚುಚ್ಚಿಸ್ಕೊಂಡೆ. ರಕ್ತ ಗಟ್ಟಿ ಆಗಿ, ತಲಿ ತಿರುಗಿ ಬಿದ್ದೆ. ಎಂಟು ದಿನ ದವಾಖಾನ್ಯಾಗ ಇದ್ದೆ.”

ಈಗ ತಾನು ತೋರಿಸುತ್ತಿದ್ದ ಇಂದಿರಾನಗರದ ಡಾಕ್ಟರಮ್ಮನ ವಿಳಾಸವನ್ನು ಅವನೇ ಬರೆದುಕೊಟ್ಟ.

ಆಕೆ ಮೊದಲು ಮನೋವೈದ್ಯರ ಪತ್ರ ಬೇಕೆಂದರು. ಮೂರು ಸಲ ಹೋಗಿ ಮಾತಾಡಿ ಹಂಸ ಪತ್ರ ತಂದ. ಕುರ್ಚಿಯಲ್ಲಿ ಕೂತವನೇ ಕೇಳಿದ: “ಯಾವುದು ವಾಪಸ್ ಬರುತ್ತೆ, ಯಾವುದು ಬರಲ್ಲ, ಅದನ್ನ ಮೊದಲು ಹೇಳಿ ಮೇಡಂ.”

“ಧ್ವನಿ ಒಡೆದರೆ ಒಡೆದ ಹಾಗೇ. ಗಡ್ಡ ಬಂದರೂ ಪೂರ್ತಿ ಹೋಗಲ್ಲ. ಮೈಯ ಬಲ, ಕೊಬ್ಬು ಸೇರೋ ಜಾಗ, ಇವು ಔಷಧಿ ಬಿಟ್ಟರೆ ಬಹುಮಟ್ಟಿಗೆ ಮೊದಲಿನ ಹಾಗೆ ಆಗುತ್ತವೆ.”

“ಸ್ವಲ್ಪ ಮಾತ್ರ ತಗೊಂಡ್ರೆ? ಧ್ವನಿ ಬೇಕು, ಗಡ್ಡ ಈಗಲೇ ಬೇಡ.”

“ಡೋಸ್ ಕಡಿಮೆ ಮಾಡಿದ್ರೆ ನಿಧಾನ ಆಗುತ್ತೆ, ಅಷ್ಟೇ. ಇದು ಬರಲಿ, ಅದು ಬೇಡ ಅಂತ ಆರಿಸೋಕಾಗಲ್ಲ. ಮುಟ್ಟು ಮಾತ್ರ ನಿಲ್ಲಲಿ ಅಂದ್ರೆ ಬೇರೆ ಇಂಜೆಕ್ಷನ್ ಇದೆ, ಅದರಿಂದ ಗಡ್ಡ ಬರಲ್ಲ. ಏನೂ ತಗೊಳ್ಳದೆ ಹೀಗೇ ಇರಬಹುದು. ಅದರಿಂದ ನೀವು ಕಮ್ಮಿಯೇನೂ ಆಗಲ್ಲ.”

ಬಸ್ಸಿನಲ್ಲಿ ಬರುವಾಗ ಹಂಸನಿಗೆ ಒಂದು ಸ್ಪಷ್ಟವಾಯಿತು. ಗಡ್ಡ ಬಂದ ದಿನದಿಂದ ಯಾವ ಹೆಂಗಸೂ ಅವನ ಮುಂದೆ ಅಳತೆಗೆ ನಿಲ್ಲುವುದಿಲ್ಲ. ನಿಜ ಬಚ್ಚಿಟ್ಟುಕೊಂಡು ಅವರ ಮೈಗೆ ಟೇಪು ಹಿಡಿಯುವುದು ಅವನಿಗೂ ಆಗದ ಮಾತು. ಮರುದಿನ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಮಜೀದಾಗೆ ಎಲ್ಲ ಹೇಳಿದ.

ಮಜೀದಾ ಗುಂಡಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ದಾರ ಕಡಿದು, “ನೀನು ಇದ್ದೀಯ ಅಂತ ಬರೋರು ಎಷ್ಟೋ ಜನ ಇದ್ದಾರೆ,” ಅಂದಳು. “ಅವರಿಗೆ ನಾನು ಸುಳ್ಳು ಹೇಳಲ್ಲ.”

“ಸುಳ್ಳು ಹೇಳೋದು ನಂಗೂ ಬೇಡ ಆಪಾ. ಇವತ್ತಿಂದಲೇ ಟೇಪು ಬಿಡ್ತೀನಿ. ಕಾಜಾ ಹೊಲಿಯೋ ನಮ್ಮ ಸೌಂದರ್ಯಾಗೆ ಅಳತೆ ಕಲಿಸ್ಕೊಡ್ತೀನಿ. ಒಂದು ವರ್ಷ ನಂಗೆ ಒಳಗಿನ ಕಟಿಂಗ್ ಕೆಲಸ ಕೊಡಿ.”

“ಆಮೇಲೆ?”

“ಜೆಂಟ್ಸ್ ಕೆಲಸ ಕಲಿತು ಹೋಗ್ತೀನಿ.”

ಮಜೀದಾ ಎರಡು ದಿನ ಸಿಡುಕುತ್ತಲೇ ಇದ್ದಳು. ಮೂರನೇ ದಿನ ತಾನೇ ಹಲಸೂರಿಗೆ ಹೋಗಿ, ಪರಿಚಯದ ಜೆಂಟ್ಸ್ ಟೈಲರ್ ವೆಂಕಟಸ್ವಾಮಿಗೆ ಹೇಳಿಬಂದಳು. ಅಂದಿನಿಂದ ಸಂಜೆ ಹೊತ್ತು ಹಂಸ ಅಲ್ಲಿ ಕಾಲರ್ ಕೂಡಿಸುವುದು, ಕೋಟಿನ ತೋಳು ಇಡುವುದು ಕಲಿತ. ಆ ವರ್ಷ ಮುಟ್ಟು ನಿಲ್ಲಿಸುವ ಇಂಜೆಕ್ಷನ್ ಮಾತ್ರ ತೆಗೆದುಕೊಂಡ. ತಿಂಗಳಿಗೊಮ್ಮೆ ಅವನನ್ನು ಹಿಂಡುತ್ತಿದ್ದ ಮೂರು ದಿನದ ಮಂಕು ಹೋಯಿತು. ಅಷ್ಟರಿಂದಲೇ ಬೆನ್ನು ನೆಟ್ಟಗಾಯಿತು ಎಂದು ಅವನು ಹೇಳುತ್ತಿದ್ದ.

ಮನೆಯಲ್ಲಿ ಹೇಳಿದಾಗ ತಾಯಿ ಆಂಜನಮ್ಮ ಅತ್ತಳು, ಬೈದಳು, ನಾನೂ ಡಾಕ್ಟರ ಹತ್ರ ಬರ್ತೀನಿ ಎಂದು ಹಟ ಹಿಡಿದಳು. ಬಂದು ಕೇಳಿದ್ದು ಎರಡೇ ಪ್ರಶ್ನೆ. ಪ್ರಾಣಕ್ಕೆ ಅಪಾಯವಿದೆಯಾ? ಮುಂದೆ ಮಕ್ಕಳು?

ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ತಪ್ಪಿಸಬಾರದು. ಮಕ್ಕಳ ವಿಷಯ ಕಷ್ಟವಾಗಬಹುದು, ಖಚಿತವಾಗಿ ಹೇಳಲಾರೆ ಎಂದರು ಡಾಕ್ಟರು.

“ಹೆರೋದು ನಂಗೆ ಯಾವತ್ತೂ ಬೇಕಿರಲಿಲ್ಲ ಅಮ್ಮ,” ಅಂದ ಹಂಸ.

ಆಂಜನಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, “ರಕ್ತ ಕೊಡೋ ದಿನ ನಾನೂ ಬರ್ತೀನಿ,” ಅಂದಳು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಂದು ತಾರೀಖನ್ನೂ ತಪ್ಪಿಸಲಿಲ್ಲ.

2007ರ ಕೊನೆಗೆ, ವೆಂಕಟಸ್ವಾಮಿ ಕೆಲಸ ಕೊಟ್ಟ ತಿಂಗಳಲ್ಲೇ, ಹಂಸ ಗಂಡಸಿನ ಹಾರ್ಮೋನನ್ನು ಕಡಿಮೆ ಡೋಸಿನಲ್ಲಿ ಶುರುಮಾಡಿದ. ಮೊದಲು ಮೊಡವೆ ಎದ್ದವು, ಹಸಿವು ಹೆಚ್ಚಿತು. ಐದನೇ ತಿಂಗಳಲ್ಲಿ ಗಂಟಲು ಒಡೆಯಿತು. ಗಿರಾಕಿಯೊಬ್ಬ ನೆಗಡಿಯಾ ಎಂದು ಕೇಳಿದ್ದಕ್ಕೆ, “ಇಲ್ಲ ಸಾರ್, ಇದೇ ನನ್ನ ಧ್ವನಿ,” ಅಂದು ಎದೆಯ ಅಳತೆ ಬರೆದುಕೊಂಡ.

ಒಂದೂವರೆ ವರ್ಷಕ್ಕೆ ಗಲ್ಲದ ಮೇಲೆ ತೆಳ್ಳಗೆ ಕೂದಲು ಬಂತು. ಬೀದಿಯಲ್ಲಿ ಕೆಲವರು ಅಣ್ಣ ಎನ್ನುತ್ತಿದ್ದರು, ಕೆಲವರು ಅಕ್ಕ. ಭೀಮಾಶಂಕರನಂಥ ಮೀಸೆ ಬೇಕಿದ್ದರೆ ಡೋಸ್ ಏರಿಸಬಹುದು ಎಂದರು ಡಾಕ್ಟರು.

“ಬೇಡ ಮೇಡಂ. ಕನ್ನಡಿಯಲ್ಲಿ ಈಗ ಕಾಣೋನು ನಾನೇ. ಇಷ್ಟಕ್ಕೇ ಇರ್ಲಿ.”

ಡಾಕ್ಟರು ಹಾಗೆಯೇ ಬರೆದರು. ಆಚೆ ಬೆಂಚಿನಲ್ಲಿ ಆಂಜನಮ್ಮ ಪಕ್ಕದವರೊಂದಿಗೆ ಅವರೆಕಾಯಿ ಸಾರಿನ ಮಾತಾಡುತ್ತಿದ್ದಳು. ಹಂಸ ರಿಪೋರ್ಟನ್ನು ಅವಳ ಕೈಗೆ ಕೊಟ್ಟು, ಮದುವೆ ಕೋಟೊಂದು ಬಾಕಿಯಿದೆಯೆಂದು ಹಲಸೂರಿಗೆ ಹೊರಟ.