ಕಾಡಿನ ಬಾಗಿಲಲ್ಲಿ ಕರುಣಾಕರ

ಕರುಣಾಕರನಿಗೆ ಕೂರಲು ಬರುತ್ತಿರಲಿಲ್ಲ. ಲಂಡನ್ನಿನ ರೇನರ್ಸ್ ಲೇನ್‌ನ ತನ್ನ ಹೋಟೆಲಿನಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನದಲ್ಲೂ, ದೋಸೆ ಕಾವಲಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಕಾವಲಿಗೆ ಓಡಾಡುತ್ತಿದ್ದ. ಮನೆಯಲ್ಲಿ ಟಿವಿಯನ್ನೂ ನಿಂತೇ ನೋಡುವುದು. ಟ್ಯೂಬ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಲ್ಲುವುದು. ಕಳೆದ ಫೆಬ್ರವರಿಯಲ್ಲಿ ಅವನನ್ನು ಕಡೆಯ ಬಾರಿ ನೋಡಲು ಹೋದ ಗೆಳೆಯರಿಗೆ, ಹೀಗೆ ಅಲ್ಲಾಡದೆ ಮಲಗಿರುವವನು ಅವನಲ್ಲ, ಬೇರೆ ಯಾರೋ ಎಂದೇ ಅನ್ನಿಸಿತು.

ಚಿಂಪಾಂಜಿಗಳ ಹುಚ್ಚು ಹತ್ತಿಸಿದ್ದು ಒಬ್ಬ ಗಿರಾಕಿ. ಉಗಾಂಡದಲ್ಲಿ ಹುಟ್ಟಿ ಬೆಳೆದ ಗುಜರಾತಿ ಮುದುಕ, ಭಾನುವಾರ ತಪ್ಪದೆ ಮಸಾಲೆ ದೋಸೆಗೆ ಬರುತ್ತಿದ್ದ. ಚಿಕ್ಕಂದಿನಲ್ಲಿ ಕಾಡಿನಂಚಿನಲ್ಲಿ ಕೇಳಿದ್ದ ಅವುಗಳ ಕೂಗನ್ನು ಒಂದು ದಿನ ಹೋಟೆಲಿನ ನಡುವೆಯೇ ಕೂಗಿ ತೋರಿಸಿದ. ಸುತ್ತ ಕೂತವರೆಲ್ಲ ನಕ್ಕರು. ಕರುಣಾಕರ ನಗಲಿಲ್ಲ. ಆ ರಾತ್ರಿ ಅಂಗಡಿ ಮುಚ್ಚುವಾಗ ಹೆಂಡತಿಗೆ ಹೇಳಿದ:

"ಅವು ಒಂದೇ ಕಡೆ ಮಲ್ಗುದಿಲ್ಲ ಅಂಬ್ರ್ ಸುಗುಣಾ. ದಿನಾ ಹೊಸ ಮರ, ಹೊಸ ಹಾಸ್ಗಿ."

"ಹಾಂಗಾರೆ ನಿಮ್ ಸಂಬಂಧಿಕ್ರೇ ಸೈ," ಎಂದಳು ಸುಗುಣಾ.

ಅಂದಿನಿಂದ ಅವನದು ಒಂದೇ ಮಾತು: ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು. ಮೃಗಾಲಯದ ಗಾಜಿನ ಹಿಂದೆ ಅಲ್ಲ, ಅವುಗಳದೇ ಕಾಡಿನಲ್ಲಿ. ಆದರೆ ಹೋಟೆಲು ಬಿಡಬೇಕಲ್ಲ. ಕೊನೆಗೆ ಅಕ್ಕನ ಮಗ ಸಂಪತ್ ಕಾವಲಿಗೆ ಪೂರ್ತಿ ನಿಂತ ಮೇಲೆ, ಗಂಡ ಹೆಂಡತಿ ಉಗಾಂಡದ ವಿಮಾನ ಹತ್ತಿದರು. ಅಷ್ಟು ಹೊತ್ತಿಗೆ ಅವನಿಗೊಂದು ಕೆಮ್ಮು ಅಂಟಿಕೊಂಡಿತ್ತು. ವರ್ಷಗಟ್ಟಲೆ ಒಣಮೆಣಸಿನ ಘಾಟು ಕುಡಿದವರಿಗೆ ಬರುವುದೇ ಎಂದು ಅದಕ್ಕೆ ಅವನೇ 'ಒಗ್ಗರಣೆ ಕೆಮ್ಮು' ಎಂದು ಹೆಸರಿಟ್ಟಿದ್ದ.

ಅವನ ಅಡುಗೆಮನೆಗೊಂದು ನಿಯಮವಿತ್ತು. ಸೀನಿದವರು, ಕೆಮ್ಮಿದವರು ಹೊಸ್ತಿಲು ದಾಟುವ ಹಾಗಿಲ್ಲ. ಒಂದು ದೀಪಾವಳಿಗೆ ಗಿರಾಕಿಗಳು ಫುಟ್‌ಪಾತಿನವರೆಗೆ ಸಾಲು ನಿಂತಿದ್ದಾಗ ಸಂಪತ್ ಸೀನಿದ. "ಧೂಳಿಂದ್ ಸೀನ್ ಮಾವ, ಮತ್ತೆಂತ ಅಲ್ಲ," ಎಂದು ಅಂಗಲಾಚಿದ.

"ಅದ್ ಧೂಳಾ, ಜ್ವರವಾ ಅಂದ್ ಸೀನಿನ್ ಮೇಲೆ ಬರ್ದಿರತ್ತಾ? ಏಪ್ರನ್ ಬಿಚ್ಚ್. ಮನಿಗ್ ನಡಿ."

ಅಂದು ಅಷ್ಟೂ ದೋಸೆಯನ್ನು ಕರುಣಾಕರ ಒಬ್ಬನೇ ಹೊಯ್ದ. ಮರುದಿನ ತಲೆ ಬಾಚಿಕೊಳ್ಳಲು ಕೈ ಮೇಲೆ ಬರಲಿಲ್ಲ.

ಉಗಾಂಡದ ಕಿಬಾಲೆ ಕಾಡಿನ ಬಾಗಿಲಲ್ಲಿ, ಬೆಳಗಿನ ಮಂಜು ಇನ್ನೂ ಎಲೆಗಳಿಂದ ತೊಟ್ಟಿಕ್ಕುತ್ತಿರುವಾಗ, ಬಂದೂಕು ಹೆಗಲಿಗೇರಿಸಿದ್ದ ರೇಂಜರ್ ಹೆಂಗಸು ಎಲ್ಲರನ್ನೂ ನಿಲ್ಲಿಸಿಕೊಂಡು ಮಾತಾಡಿದಳು. ಚಿಂಪಾಂಜಿಗಳಿಗೆ ನಮ್ಮ ರೋಗಗಳೆಲ್ಲ ತಗಲುತ್ತವೆ. ನಮಗೆ ನೆಗಡಿ, ಅವಕ್ಕೆ ಸಾವು. ಯಾರಿಗಾದರೂ ಕೆಮ್ಮು, ಜ್ವರ ಇದೆಯೇ? ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಕರುಣಾಕರನೂ ಆಡಿಸಿದ. ಅವನ ದವಡೆಯಲ್ಲಿ ಲವಂಗವಿತ್ತು, ಹೊಟ್ಟೆಯಲ್ಲಿ ಸುಗುಣಾ ಲಾಡ್ಜಿನ ಕೆಟಲಿನಲ್ಲಿ ಕುದಿಸಿದ ಕಾಳುಮೆಣಸಿನ ಕಷಾಯ.

ಮಾಸ್ಕು ಹಂಚಿದರು. ಎಲ್ಲರೂ ಬೂಟಿನ ಲಾಡಿ ಬಿಗಿಯುತ್ತಿದ್ದರೆ ಇವನು ಸಾಲಿನ ತುದಿಯಿಂದ ತುದಿಗೆ ಅಲೆಯುತ್ತಿದ್ದ. ಎದೆಯಿಂದ ಕೆಮ್ಮು ಏರಿತು. ನುಂಗಿದ. ಮತ್ತೆ ಏರಿತು. ಕಣ್ಣಲ್ಲಿ ನೀರು ತುಂಬಿತು.

ಸುಗುಣಾ ಹತ್ತಿರ ಬಂದು ಪಿಸುಗುಟ್ಟಿದಳು: "ಒಗ್ಗರಣಿ ಕೆಮ್ಮ್ ಅಲ್ದಾ? ಅದ್ ಯಾರಿಗೂ ಅಂಟುದಲ್ಲ. ಸುಮ್ನೆ ನಡಿನಿ."

ಅವನು ಅವಳ ಮುಖ ನೋಡಿದ. ಧೂಳಿನ ಸೀನು ಎಂದು ಅಂದು ಸಂಪತ್ ಹೇಳಿದ್ದು ಇದೇ ದನಿಯಲ್ಲಿ. ದವಡೆಯ ಲವಂಗ ಉಗಿದು, ನೇರ ರೇಂಜರ್ ಬಳಿ ಹೋಗಿ ತನಗೆ ಕೆಮ್ಮಿದೆ ಎಂದ. ಅವಳು ಬೈಯಲಿಲ್ಲ. ಥ್ಯಾಂಕ್ಸ್ ಹೇಳಿ, ಗುಡಿಸಲ ಮುಂದಿನ ಕುರ್ಚಿ ತೋರಿಸಿದಳು.

"ಇಷ್ಟ್ ದೂರ ಬಂದದ್ದ್ ಇದಕ್ಕಾ?" ಎಂದು ಸುಗುಣಾ ಅವನ ತೋಳು ಹಿಡಿದಳು.

"ನೀ ಹೋಗ್. ಸಮಾ ಕಂಡ್ಕಂಡ್ ಬಾ."

"ಆ ಮಂಗ ಕಂಡ್ ನಂಗೆಂತ ಆಯ್ಕ್?"

"ಮಂಗ ಅಲ್ಲ ಮರಾಯ್ತಿ, ಬಾಲ ಇಲ್ಲ ಅವಕ್ಕೆ. ಹೋಗ್."

ಕುರ್ಚಿ ಖಾಲಿಯೇ ಉಳಿಯಿತು. ಗುಡಿಸಲಿನಿಂದ ಜೀಪಿಗೆ, ಜೀಪಿನಿಂದ ಗುಡಿಸಲಿಗೆ ನಡೆದು ನಡೆದು ಕೆಸರಿನಲ್ಲಿ ಹಾದಿಯೇ ಬಿತ್ತು. ಹೇಳದೆ ಇದ್ದಿದ್ದರೆ ಈಗ ಮರದ ಕೆಳಗಿರುತ್ತಿದ್ದೆ ಎಂದು ಒಂದು ಸುತ್ತಿನಲ್ಲಿ ಅನ್ನಿಸುತ್ತಿತ್ತು. ಮುಂದಿನ ಸುತ್ತಿನಲ್ಲಿ ಕೆಮ್ಮು ಬಂದು ಆ ಯೋಚನೆಯನ್ನು ಕತ್ತರಿಸುತ್ತಿತ್ತು.

ಆಗ ಕಾಡಿನ ಒಳಗಿಂದ ಒಂದು ಕೂಗು ಎದ್ದಿತು. ಮೊದಲು ಮೆಲ್ಲಗೆ, ಉಸಿರು ಎಳೆದು ಬಿಟ್ಟ ಹಾಗೆ. ಆಮೇಲೆ ಏರುತ್ತ, ಒಂದಕ್ಕೊಂದು ಸೇರುತ್ತ, ಎಲ್ಲವೂ ಒಟ್ಟಿಗೆ. ಯಾವುದೋ ಒಂದು ಚಿಂಪಾಂಜಿ ಮರದ ಬೇರನ್ನು ಗುದ್ದಿ ಗುದ್ದಿ ಡೋಲು ಬಾರಿಸಿತು. ಮುದುಕ ಹೋಟೆಲಿನಲ್ಲಿ ಕೂಗಿದ್ದು ಇದರ ಮುಂದೆ ಏನೂ ಅಲ್ಲ. ಕರುಣಾಕರ ಇದ್ದಲ್ಲೇ ನಿಂತ. ಕೂಗು ದೂರ ಸರಿದು ಅಡಗುವವರೆಗೂ ಕಾಲು ಕದಲಿಸಲಿಲ್ಲ.

ಮಧ್ಯಾಹ್ನ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಸುಗುಣಾ ಬಂದಳು.

"ಕಂಡ್ಯಾ?"

"ಕಂಡೆ."

"ಹ್ಯಾಂಗಿತ್ತ್?"

"ಕಪ್ಪಗಿತ್ತ್. ಕೂಕಂಡ್ ಹಣ್ಣ್ ತಿಂತಾ ಇದ್ದಿತ್ತ್."

"ಅಷ್ಟೆಯಾ? ಅಷ್ಟ್ ದೂರ ನಡ್ದ್ ಬಂದ್ ಹೇಳುಕ್ ಇಷ್ಟೇ ಇಪ್ಪುದಾ?"

ಅವಳು ಬೂಟಿನ ಕೆಸರು ಕೆರೆಯುತ್ತ ಹೇಳಿದಳು: "ಒಂದ್ ಮುದ್ಕ ಇದ್ದಿತ್ತ್. ಉಳ್ದದ್ದೆಲ್ಲ ತಿಂತಿದ್ರೆ ಅದ್ ಮಾತ್ರ ಆ ಮರಕ್ಕೆ ಈ ಮರಕ್ಕೆ ತಿರ್ಗ್ತಾ ಇದ್ದಿತ್ತ್. ನಿಮ್ಮ ನೆನಪಾಯ್ತ್."

ಅವನು ನಕ್ಕ. ನಗು ಕೆಮ್ಮಾಗಿ, ಜೀಪು ಹಿಡಿದು ಬಗ್ಗಿದ.

ಲಂಡನ್ನಿಗೆ ಮರಳಿದ ಮೇಲೆ ಸುಗುಣಾ ಅವನನ್ನು ಬಲವಂತವಾಗಿ ಜಿಪಿ ಡಾಕ್ಟರ ಹತ್ತಿರ ಕರೆದೊಯ್ದಳು. ಸ್ಕ್ಯಾನ್ ಆಯಿತು. ಶ್ವಾಸಕೋಶ ಒಳಗಿಂದ ಗಟ್ಟಿಯಾಗುತ್ತ ಬಂದಿತ್ತು. ಇದು ಅಂಟುವ ಕಾಯಿಲೆಯಲ್ಲ, ಮನೆಯವರು ಹೆದರಬೇಕಿಲ್ಲ ಎಂದು ಡಾಕ್ಟರು ಸಮಾಧಾನಕ್ಕೆ ಹೇಳಿದರು. ಆಸ್ಪತ್ರೆಯ ಹೊರಗಿನ ಬಸ್ ಸ್ಟಾಪಿನಲ್ಲಿ ಸುಗುಣಾ ಅತ್ತಳು. "ಹಾಂಗಾರೆ ಅವತ್ತ್ ನೀವು ಒಳ್ಗ್ ಹೋಪ್ಲಕ್ಕಿತ್ತ್."

"ಅವತ್ತ್ ಅದ್ ಯಾರಿಗ್ ಗೊತ್ತಿತ್ತ್?" ಎಂದ ಕರುಣಾಕರ, ಸ್ಟಾಪಿನ ಸುತ್ತ ತಿರುಗುತ್ತ. "ಗುಣ ಆಯ್ಲಿ, ಮತ್ತೊಂದ್ ಸಲ ಹೋಪ."

ಆ ಇನ್ನೊಂದು ಸಲ ಬರಲಿಲ್ಲ.

ಕಿಂಗ್ಸ್‌ಬರಿಯ ಹಾಲ್‌ನಲ್ಲಿ ಕರುಣಾಕರನ ವೈಕುಂಠ ಸಮಾರಾಧನೆ. ಮಾವನ ಊಟಕ್ಕೆ ತಾನೇ ಅಡುಗೆ ಮಾಡಬೇಕೆಂದು ಸಂಪತ್ ಬೆಳಿಗ್ಗೆಯೇ ತೆಂಗಿನಕಾಯಿ ಒಡೆದು ಮಸಾಲೆ ಹುರಿಯಲು ನಿಂತಿದ್ದ. ನಡುವೆ ಎರಡು ಸಲ ಸೀನಿದ. ಅತ್ತದ್ದಕ್ಕೆ ಇರಬೇಕು, ಮೆಣಸಿನ ಘಾಟಿಗೆ ಇರಬೇಕು ಎಂದರು ಸುತ್ತಲಿದ್ದವರು. ಸಂಪತ್ ಸೌಟನ್ನು ಪಕ್ಕದವರ ಕೈಗೆ ಕೊಟ್ಟು, ಏಪ್ರನ್ ಬಿಚ್ಚಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ಸುಗುಣಾ ಕಾಫಿ ತೆಗೆದುಕೊಂಡು ಹೋದಾಗ, ಅವನು ಕಾರುಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಅವಳು ಲೋಟವನ್ನು ಗೋಡೆಯ ಮೇಲಿಟ್ಟು, ಅವನನ್ನು ಕರೆಯದೆ, ನೋಡುತ್ತ ನಿಂತಳು.