ಗ್ರಾಫಿಕ್ಸ್ ಕಾರ್ಡಿಗೆ ಬದು ಹಾಕಿದ್ದು

ಚಿತ್ರದುರ್ಗದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬು ನನ್ನ ಉಸ್ತುವಾರಿಯಲ್ಲಿದೆ. ಅಲ್ಲಿರುವುದು ಒಂದೇ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿಗೆ ಚಿತ್ರ ಗುರುತಿಸುವುದನ್ನೋ ಮಾತಾಡುವುದನ್ನೋ ಕಲಿಸಬೇಕೆಂದರೆ ಎಲ್ಲರೂ ಅದರ ಮುಂದೆಯೇ ಕೈಕಟ್ಟಿ ನಿಲ್ಲಬೇಕು. ಅದು ಬಂದ ಹೊಸತರಲ್ಲಿ ಎಲ್ಲರ ಕೆಲಸವೂ ಒಟ್ಟಿಗೇ ಅದರ ಮೇಲೆ ಬೀಳುತ್ತಿತ್ತು. ಒಬ್ಬರ ಪ್ರೋಗ್ರಾಂ ಮೆಮೊರಿಯನ್ನೆಲ್ಲ ನುಂಗಿದರೆ ಪಕ್ಕದವರದು ಅರ್ಧಕ್ಕೇ ಸಾಯುತ್ತಿತ್ತು. ಹಾಗೆ ಕೆಲಸ ಕಳೆದುಕೊಂಡವರು ಸೀದಾ ನನ್ನ ಟೇಬಲ್ಲಿಗೆ ಬಂದು ಕೂಗಾಡುತ್ತಿದ್ದರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಆ ಕಾರ್ಡಿನ ಒಳಗೇ ಗೋಡೆ ಹಾಕಿ ಹೋಳು ಮಾಡಬಹುದೆಂದು ಆಮೇಲೆ ಓದಿ ತಿಳಿದುಕೊಂಡೆ. ಒಂದು ಹೋಳಿನಲ್ಲಿ ಏನೇ ಕೆಟ್ಟರೂ ಪಕ್ಕದ ಹೋಳಿಗೆ ಬಿಸಿ ತಟ್ಟುವುದಿಲ್ಲ. ಬೇಕಾದಾಗ ಹೋಳುಗಳನ್ನು ಚಿಕ್ಕದು ಮಾಡಬಹುದು, ಪಕ್ಕಪಕ್ಕದ ಎರಡನ್ನು ಸೇರಿಸಿ ದೊಡ್ಡದೂ ಮಾಡಬಹುದು. ಸೇರಿಸುವ ಹೊತ್ತಿಗೆ ಅವೆರಡರಲ್ಲೂ ಯಾರ ಕೆಲಸವೂ ಓಡುತ್ತಿರಬಾರದು, ಅಷ್ಟೇ.

ನಾನು ಹಿರಿಯೂರು ಕಡೆಯ ಯಲ್ಲದಕೆರೆಯವಳು. ಪಾಲು ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಹೊಲ. ನಮ್ಮ ಮನೆಯಲ್ಲಿ ಹಿಸ್ಸೆಯಾದಾಗ ದೊಡ್ಡಪ್ಪ ಪಾಲು ಮಾಡಿದರು, ಎಲ್ಲರಿಗಿಂತ ಕಿರಿಯ ಚಿಕ್ಕಪ್ಪ ಮೊದಲು ಆರಿಸಿಕೊಂಡರು. ನಾನೂ ಹಾಗೇ ಮಾಡಿದೆ. ಕಾರ್ಡನ್ನು ಸಮವಾಗಿ ಕತ್ತರಿಸಿ, ಮೇಷ್ಟ್ರುಗಳನ್ನೆಲ್ಲ ಲ್ಯಾಬಿನಲ್ಲಿ ಕೂರಿಸಿ, ವಯಸ್ಸಿನಲ್ಲಿ ಚಿಕ್ಕವರು ಮೊದಲು ಆರಿಸಿಕೊಳ್ಳಲಿ ಎಂದೆ. ಎಲ್ಲ ಪಾಲೂ ಒಂದೇ ಅಳತೆಯಾದ್ದರಿಂದ ಆರಿಸಲು ಅಲ್ಲಿ ಏನೂ ಇರಲಿಲ್ಲ. ಆದರೂ ಒಬ್ಬೊಬ್ಬರೂ ಯೋಚಿಸಿ, ಗಂಭೀರವಾಗಿ ಆರಿಸಿಕೊಂಡರು. "ಇನ್ನು ಯಾರೂ ಬದು ಕೀಳಂಗಿಲ್ಲ," ಎಂದು ನಾನು ದೊಡ್ಡಪ್ಪನ ಗತ್ತಿನಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ಹೊಲ ಕಂಡ ಮನೆಯವರೇ.

ಜಗಳ ನಿಂತಿತು. ಆದರೆ ಪಾಲು ಖಾಲಿ ಬಿದ್ದರೂ ಬಿಟ್ಟುಕೊಡುವವರು ಯಾರೂ ಇರಲಿಲ್ಲ. ಹೊಸದುರ್ಗದ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಹಾಗೆ, ಯಾವುದಕ್ಕೂ ಬಾರದ ಒಂದು ಪುಟ್ಟ ಪ್ರೋಗ್ರಾಂ ಓಡಿಸಿಟ್ಟು ಮನೆಗೆ ಹೋಗುತ್ತಿದ್ದರು. ಅದರಲ್ಲಿ ಮುಂದಾಳು ಮತ್ತೋಡು ಊರಿನ ಹಿರಿಯ ಮೇಷ್ಟ್ರು. ಶೇಂಗಾ ಎಲೆಯ ರೋಗವನ್ನು ಫೋಟೊದಲ್ಲಿ ಗುರುತಿಸುವ ಅವರ ಕೆಲಸ ಮುಗಿದು ಎಷ್ಟೋ ದಿನವಾಗಿದ್ದರೂ ಟವೆಲ್ ಮಾತ್ರ ತೆಗೆದಿರಲಿಲ್ಲ.

ಅವರ ಪಕ್ಕದ ಪಾಲು ಹೊಳಲ್ಕೆರೆಯ ಹುಡುಗಿಯದು. ಆ ವರ್ಷವಷ್ಟೇ ಲೆಕ್ಚರರ್ ಆಗಿ ಸೇರಿದ್ದಳು. ಅವಳ ತಂದೆ ಆಟೋಗೆ ಮೈಕು ಕಟ್ಟಿಕೊಂಡು ಊರೂರು ಪ್ರಚಾರ ಮಾಡುತ್ತಿದ್ದವರು. ಗಂಟಲಿಗೆ ಕ್ಯಾನ್ಸರ್ ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಅವಳು ಅಪ್ಪನನ್ನು ಮನೆಯಲ್ಲಿ ಕೂರಿಸಿ ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿಸಿ ರೆಕಾರ್ಡ್ ಮಾಡಿಟ್ಟಿದ್ದಳು. ಆಪರೇಷನ್ ಆಯಿತು. ಆ ಧ್ವನಿಯನ್ನು ಕಂಪ್ಯೂಟರಿಗೆ ಕಲಿಸಿ, ಅಪ್ಪ ಫೋನಿನಲ್ಲಿ ಒತ್ತಿದ ಮಾತು ಅಪ್ಪನ ಗಂಟಲಲ್ಲೇ ಬರುವ ಹಾಗೆ ಮಾಡಬೇಕೆಂಬುದು ಅವಳ ಆಸೆ. ಅವಳ ಪಾಲಿನಲ್ಲಿ ಧ್ವನಿ ಕಲಿಯುವ ಪ್ರೋಗ್ರಾಮಿನ ಚಿಕ್ಕ ಮಾಡೆಲ್ ಮಾತ್ರ ಹಿಡಿಯಿತು. ಅದರಿಂದ ಬಂದ ಧ್ವನಿ ಯಾರದೋ ಆಗಿತ್ತು.

"ಅಪ್ಪ ಒಂದೇ ಸಲ ಅದನ್ನ ಕೇಳಿದ್ರು ಅಕ್ಕಾ. ಫೋನ್ ಬೋರಲು ಹಾಕಿ ಗೋಡೆ ಕಡೆ ತಿರುಗಿ ಮಲಗಿದ್ರು," ಎಂದಳು ನನ್ನ ಬಳಿ ಬಂದು. "ಅವತ್ತಿಂದ ಬರೆದೂ ತೋರಿಸ್ತಿಲ್ಲ. ಊಟಾನೂ ಅರ್ಧಂಬರ್ಧ. ದೊಡ್ಡ ಮಾಡೆಲ್ ಐತೆ, ನನ್ನ ಪಾಲಿನಾಗೆ ಹಿಡಿಸಲ್ಲ."

ಅವಳನ್ನು ಕರೆದುಕೊಂಡು ಮತ್ತೋಡಿನ ಮೇಷ್ಟ್ರ ಹತ್ತಿರ ಹೋಗಿ ವಿಷಯ ಹೇಳಿ, ಅವರ ಪಾಲನ್ನು ಅವಳ ಪಾಲಿಗೆ ಸೇರಿಸಲು ಬಿಟ್ಟುಕೊಡಿ ಎಂದು ಕೇಳಿದೆ.

"ಪಾಲು ಮಾಡ್ದೋರು ನೀವೇ, ಬದು ಕೀಳಂಗಿಲ್ಲ ಅಂದೋರೂ ನೀವೇ," ಎಂದರು ಅವರು. "ಇವತ್ತು ಬಿಟ್ರೆ ನಾಳೆ ನನ್ನ ಪಾಲು ಎಲ್ಲೈತೆ ಅಂತ ನಾನು ಹುಡುಕ್ಕಂಡು ತಿರುಗಬೇಕೇನ್ರಿ ಮೇಡಂ?"

ಹುಡುಗಿ ವಾದ ಮಾಡಲಿಲ್ಲ. ಅಪ್ಪ ಆಪರೇಷನ್ನಿಗೆ ಮುಂಚೆ ಮಾತಾಡಿದ್ದನ್ನು ಫೋನಿನಲ್ಲಿ ಹಚ್ಚಿ ಅವರ ಮುಂದಿಟ್ಟಳು. ನೆರೆಮನೆಯವರ ಕೋಳಿಗಳನ್ನು ಆ ಮನುಷ್ಯ ಮನಸಾರೆ ಬೈಯುತ್ತಿದ್ದರು.

ಮೇಷ್ಟ್ರು ಕನ್ನಡಕ ತೆಗೆದರು. "ಇದು ಮೈಕಿನ ಆಟೋದವರ ಗಂಟಲಲ್ವೇನಮ್ಮ? ನಮ್ಮೂರಿಗೆ ದನದ ಲಸಿಕೆ ಕ್ಯಾಂಪು ಬಂದ್ರೆ ಇವರೇ ಕೂಗ್ಕಂಡು ಬರೋರು."

"ಹೌದು ಸರ್. ನಮ್ಮಪ್ಪ."

"ಈಗ ಪೂರ್ತಿ ಹೋಯ್ತಾ?"

ಅವಳು ತಲೆಯಾಡಿಸಿದಳು. ಕೋಳಿಗಳ ಬೈಗುಳ ಮುಗಿಯುವವರೆಗೂ ಮೇಷ್ಟ್ರು ಕೇಳಿದರು. ಆಮೇಲೆ ತಾವೇ ಎದ್ದು ಲ್ಯಾಬಿಗೆ ಬಂದು, ಓಡಿಸಿಟ್ಟಿದ್ದ ಪ್ರೋಗ್ರಾಂ ನಿಲ್ಲಿಸಿದರು. "ಕೀಳ್ರಿ ಮೇಡಂ ಬದು. ಅವಳ ಕೆಲಸ ಮುಗಿಯೋಗಂಟ ಮತ್ತೆ ಹಾಕಬ್ಯಾಡ್ರಿ," ಎಂದರು. ಎರಡು ಪಾಲು ಸೇರಿ ಒಂದಾದದ್ದು ಪರದೆಯ ಮೇಲೆ ಕಾಣುವವರೆಗೂ ಅಲ್ಲೇ ನಿಂತಿದ್ದರು.

ಮಾಡೆಲ್ ಕಲಿತು ಮುಗಿದ ಮೇಲೆ, ಒಂದು ಭಾನುವಾರ, ನಾನು ಮತ್ತು ಮೇಷ್ಟ್ರು ಹೊಳಲ್ಕೆರೆಯ ಹುಡುಗಿಯ ಮನೆಗೆ ಹೋದೆವು. ನಡುಮನೆಯ ಮಂಚದ ಮೇಲಿದ್ದ ಅವಳ ತಂದೆ ಎದ್ದು ಕೂತು ನಮಗೆ ಕೈ ಮುಗಿದರು. ಕತ್ತಿಗೆ ಬಿಳಿ ಬಟ್ಟೆ ಸುತ್ತಿತ್ತು. ಮಗಳು ಫೋನು ಕೈಗಿಟ್ಟಳು. ಅವರು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ನನಗೆ ಭಯವಾಗಿತ್ತು. ಈ ಸಲವೂ ಯಾರದೋ ಧ್ವನಿ ಬಂದರೆ ಅವರು ಮತ್ತೆ ಯಾವತ್ತೂ ನಮ್ಮ ಕಡೆ ತಿರುಗುವುದಿಲ್ಲವೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಒಂದೇ ಬೆರಳಿನಲ್ಲಿ, ತಡೆದು ತಡೆದು ಅಕ್ಷರ ಒತ್ತಿದರು.

"ಲೇ, ಒಂಚೂರು ಕಾಫಿ ಇಡೇ. ಮಂದಿ ಬಂದವ್ರೆ," ಎಂದಿತು ಫೋನು.

"ಇಟ್ಟೆ, ಇರ್ರಿ! ಅದ್ಯಾಕಂಗೆ ಕೂಗ್ತೀರಿ?" ಎಂದು ಹಿತ್ತಲಿನಿಂದ ಅವರ ಹೆಂಡತಿಯ ಉತ್ತರ ಬಂತು.

ಪಾತ್ರೆ ತಿಕ್ಕುವ ಸದ್ದು ನಿಂತುಹೋಯಿತು. ಆ ತಾಯಿ ಬೂದಿ ಮೆತ್ತಿದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ನಮ್ಮನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ.

"ಇನ್ನೊಂದ್ಸಲ ಕರೀರಿ," ಎಂದರು ಗಂಡನಿಗೆ.